ಮಾವ ಕೊಟ್ಟ ಪುಟ್ಟ ಕ್ಯಾಮೆರಾ: ಇಟ್ಟುಕೊಳ್ಳಲಾ, ಮಾರಿಬಿಡಲಾ?

ರಾಗಿಕಣ

ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ತುಮಕೂರಿನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ದಿನಾ ಬಸ್ಸಿನಲ್ಲಿ ಓಡಾಟ. ಮೂರು ತಿಂಗಳ ಹಿಂದೆ ನಮ್ಮ ಸೋದರಮಾವ ಬೀರು ಖಾಲಿ ಮಾಡುವಾಗ ಒಂದು ಹಳೇ ಡಿಜಿಟಲ್ ಕ್ಯಾಮೆರಾ ಸಿಕ್ಕಿತು. ನೀನೇ ಇಟ್ಟುಕೋ ಅಂತ ಕೊಟ್ಟರು. 10 ಮೆಗಾಪಿಕ್ಸೆಲ್, 3.3 ಪಟ್ಟು ಝೂಮ್, ಎರಡು ಪೆನ್ಸಿಲ್ ಸೆಲ್ ಹಾಕಬೇಕು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು, ಅಷ್ಟೇ ದೊಡ್ಡದು.

ಫೋನ್ ಇರುವಾಗ ಇದು ಯಾಕೆ ಅಂತ ಕೇಳುತ್ತೀರಿ. ಕಾರಣ ನಮ್ಮಜ್ಜಿ. ನಾನು ಫೋನ್ ಎತ್ತಿದರೆ ಸಾಕು, ವಿಡಿಯೋ ಕಾಲ್ ಅಂದುಕೊಂಡು "ಯಾರವ್ವಾ ಅದು?" ಅಂತ ಫೋನಿನೊಳಗೆ ಇಣುಕುತ್ತಾಳೆ. ಕ್ಯಾಮೆರಾ ಎತ್ತಿದರೆ ಹಾಗಲ್ಲ. ಸೆರಗು ಸರಿ ಮಾಡಿಕೊಂಡು, ಮೂಗುಬೊಟ್ಟು ಒಮ್ಮೆ ಮುಟ್ಟಿ ನೋಡಿಕೊಂಡು, ನೆಟ್ಟಗೆ ಕೂರುತ್ತಾಳೆ. ಇದು ಫೋಟೋ ಅಂತ ಅವಳಿಗೆ ಗೊತ್ತು. ಸ್ವಲ್ಪ ಹೊತ್ತಿಗೆ ಮರೆತು ತನ್ನ ಕೆಲಸಕ್ಕೆ ತಿರುಗುತ್ತಾಳೆ, ನನಗೆ ಬೇಕಾಗಿರುವುದು ಆ ಹೊತ್ತು. ಎಂಬತ್ತು ದಾಟಿದೆ. ಈ ವರ್ಷವೂ ಕಣದಲ್ಲಿ ಮೊರ ಹಿಡಿದು ರಾಗಿ ಕೇರಿದಳು. ಇದನ್ನೆಲ್ಲ ತೆಗೆದಿಡಬೇಕು ಅಂತ ತುಂಬಾ ಆಸೆ.

ಆದರೆ ತೊಂದರೆಗಳು ಬಹಳ ಇವೆ. ನಮ್ಮೂರ ಅಂಗಡಿಯಿಂದ ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ತಂದು ಹಾಕಿದರೆ ಹತ್ತು ಫೋಟೋಗೆ ಸತ್ತುಹೋಗುತ್ತದೆ, ಅದೇ ಸೆಲ್ ತೆಗೆದು ಗಡಿಯಾರಕ್ಕೆ ಹಾಕಿದರೆ ಗಡಿಯಾರ ಚೆನ್ನಾಗಿ ಓಡುತ್ತದೆ, ಇದೇನು ಅಂತಲೇ ಅರ್ಥ ಆಗುತ್ತಿಲ್ಲ. ಸಂಜೆ ಐದೂವರೆ ಮೇಲೆ ತೆಗೆದದ್ದು ಎಲ್ಲ ಮಸುಕು. ಕೆಲವು ಸಲ ಅಜ್ಜಿ ಮುಖ ಮಸುಕಾಗಿ ಹಿಂದಿನ ಹುಲ್ಲಿನ ಬಣವೆ ಕಡ್ಡಿ ಕಡ್ಡಿಯೂ ಕಾಣುವ ಹಾಗೆ ಬಂದಿರುತ್ತದೆ. ಅಕ್ಕನ ಮಗಳು ಓಡಿ ಬರುವಾಗ ಗುಂಡಿ ಒತ್ತಿದರೆ, ಅವಳು ದಾಟಿ ಹೋದ ಮೇಲೆ ಫೋಟೋ ಬೀಳುತ್ತದೆ.

ಹೋದ ವಾರ ನೆಂಟರ ಮದುವೆಯಲ್ಲಿ ಇದನ್ನು ನೋಡಿದ ಒಬ್ಬರು "ಇದೆಲ್ಲ ಆಟದ ಸಾಮಾನು, ಮಾರಿ ದೊಡ್ಡದು ತಗೋ" ಅಂದರು. ಮನಸ್ಸಿಗೆ ಬೇಜಾರಾಯಿತು. ಚೀಟಿ ದುಡ್ಡು 15,000 ಬರುವುದಿದೆ. ಅದಕ್ಕೆ ಸೆಕೆಂಡ್ ಹ್ಯಾಂಡ್ ದೊಡ್ಡ ಕ್ಯಾಮೆರಾ ಬರುತ್ತಂತೆ. ತಗೊಳ್ಳಲಾ? ಇಲ್ಲ, ಇದರಲ್ಲೇ ಇನ್ನೂ ಏನಾದರೂ ಆಗುತ್ತಾ? ಗೊತ್ತಿರುವವರು ಹೇಳಿ.

ಕ್ಯಾತ್ಸಂದ್ರದವನು

ಮಾರಬೇಡಿ. ನೀವು ಹೇಳಿದ ಮೂರು ತೊಂದರೆಯಲ್ಲಿ ಎರಡೂವರೆ ಈ ವಾರವೇ ಸರಿಹೋಗುತ್ತದೆ.

ಮೊದಲು ಸೆಲ್. ಗಡಿಯಾರದ ಸೆಲ್ ಸಾಮಾನ್ಯವಾಗಿ ಸತು ಮತ್ತು ಇಂಗಾಲದ್ದು. ಗಡಿಯಾರಕ್ಕೆ ಚಿಟಿಕೆಯಷ್ಟು ಕರೆಂಟ್ ಸಾಕು, ಅದನ್ನು ವರ್ಷಗಟ್ಟಲೆ ಕೊಡುತ್ತಾ ಇರುತ್ತದೆ. ಕ್ಯಾಮೆರಾ ಹಾಗಲ್ಲ. ಲೆನ್ಸನ್ನು ಹೊರಗೆ ತಳ್ಳುವಾಗ, ಫ್ಲ್ಯಾಶ್ ತುಂಬಿಸಿಕೊಳ್ಳುವಾಗ ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಆ ಸೆಲ್ಲಿಗೆ ಅಷ್ಟು ಬೇಗ ಕೊಡುವ ತಾಕತ್ತಿಲ್ಲ. ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಸೆಲ್ ಖಾಲಿ ಅಂದುಕೊಂಡು ಆಫ್ ಆಗುತ್ತದೆ. ಸೆಲ್ ಒಳಗೆ ಇನ್ನೂ ಉಳಿದಿದೆ, ಅದಕ್ಕೇ ನಿಮ್ಮ ಗಡಿಯಾರ ಓಡುತ್ತಿರುವುದು.

ಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು ತಗೊಳ್ಳಿ, ಜೊತೆಗೆ ಒಂದು ಚಾರ್ಜರ್. ಮೇಲೆ 2000 ಎಂಎಎಚ್ ಅಥವಾ ಅದರ ಆಸುಪಾಸು ಬರೆದಿರಬೇಕು, ಅದು ಸೆಲ್ ಎಷ್ಟು ಚಾರ್ಜ್ ತುಂಬಿಕೊಳ್ಳುತ್ತದೆ ಅನ್ನುವ ಲೆಕ್ಕ. 1.5 ಬದಲು 1.2 ವೋಲ್ಟ್ ಅಂತ ಇರುತ್ತದೆ, ಹೆದರಬೇಡಿ, ಇವು ಎಳೆದಷ್ಟು ಕೊಡುತ್ತವೆ. ನಾನು ಒಂದು ಜೊತೆಯಲ್ಲಿ ಇನ್ನೂರಕ್ಕೂ ಮೇಲೆ ಫೋಟೋ ತೆಗೆದಿದ್ದೇನೆ, ಫ್ಲ್ಯಾಶ್ ಕಡಿಮೆ ಬಳಸಿದರೆ ಇನ್ನೂ ಜಾಸ್ತಿ. ಒಂದು ಜೊತೆಗೆ ಪೆನ್ನಿನಲ್ಲಿ "1", ಇನ್ನೊಂದಕ್ಕೆ "2" ಅಂತ ಬರೆದಿಡಿ. ಒಂದರ ಜೊತೆ ಇನ್ನೊಂದನ್ನು ಬೆರೆಸಬೇಡಿ. ತಿಂಗಳುಗಟ್ಟಲೆ ಕ್ಯಾಮೆರಾ ಮುಟ್ಟುವುದಿಲ್ಲ ಅಂದರೆ ಸೆಲ್ ತೆಗೆದಿಡಿ. ಗಡಿಯಾರದ ಸೆಲ್ ಒಳಗೇ ಬಿಟ್ಟು ಅದು ಸೋರಿ, ಸ್ಪ್ರಿಂಗೆಲ್ಲ ಹಸಿರು ಕಟ್ಟಿದ ಕ್ಯಾಮೆರಾ ನನ್ನ ಹತ್ತಿರ ಒಂದಿದೆ.

ಎರಡನೆಯದು ಗುಂಡಿ. ಅದು ಎರಡು ಹಂತದ್ದು. ಮೆಲ್ಲಗೆ ಅರ್ಧ ಒತ್ತಿ, ಬೆರಳಿಗೆ ಸಣ್ಣ ತಡೆ ಸಿಗುತ್ತದೆ. ಅಲ್ಲಿ ನಿಲ್ಲಿಸಿ. ಆಗ ಕ್ಯಾಮೆರಾ ಫೋಕಸ್ ಹುಡುಕಿ, ಬೆಳಕು ಅಳೆದು, ಪರದೆಯಲ್ಲಿ ಹಸಿರು ಚೌಕ ತೋರಿಸುತ್ತದೆ. ಆಮೇಲೆ ಪೂರ್ತಿ ಒತ್ತಿದರೆ ಫೋಟೋ ತಕ್ಷಣ ಬೀಳುತ್ತದೆ. ತಡ ಆಗುವುದು ಫೋಟೋ ತೆಗೆಯಲು ಅಲ್ಲ, ಫೋಕಸ್ ಹುಡುಕಲು. ಅಕ್ಕನ ಮಗಳು ಹೊಸಿಲು ದಾಟಿ ಓಡಿ ಬರುತ್ತಾಳೆ ಅಂದುಕೊಳ್ಳಿ. ಅವಳು ಬರುವ ಮೊದಲೇ ಹೊಸಿಲಿಗೆ ಗುರಿ ಇಟ್ಟು ಅರ್ಧ ಒತ್ತಿ ಹಿಡಿದು ಕಾಯಿರಿ. ಕಾಲು ಹೊಸಿಲ ಮೇಲೆ ಬಂದಾಗ ಉಳಿದರ್ಧ ಒತ್ತಿ. ನಾಲ್ಕು ಸಲ ತಪ್ಪುತ್ತದೆ, ಐದನೇ ಸಲ ಸಿಗುತ್ತದೆ.

ಮಸುಕಿನ ವಿಷಯಕ್ಕೆ ಬಂದರೆ, ಮಸುಕು ಎಲ್ಲ ಒಂದೇ ಥರ ಅಲ್ಲ. ಬಣವೆ ಚೆನ್ನಾಗಿ ಬಂದು ಅಜ್ಜಿ ಮಸುಕಾದರೆ ಅದು ಫೋಕಸ್ ಹಿಂದಕ್ಕೆ ಹೋಗಿರುವುದು. ಮೆನುವಿನಲ್ಲಿ ಫೋಕಸ್ ಚೌಕವನ್ನು ನಡುವೆ ಮಾತ್ರ ಇರುವ ಹಾಗೆ ಮಾಡಿ, ಚೌಕವನ್ನು ಅಜ್ಜಿಯ ಕಣ್ಣಿಗಿಟ್ಟು ಅರ್ಧ ಒತ್ತಿ, ಹಾಗೇ ಹಿಡಿದುಕೊಂಡು ಕ್ಯಾಮೆರಾ ಬೇಕಾದ ಕಡೆ ಸ್ವಲ್ಪ ತಿರುಗಿಸಿ. ಬಣವೆಯೂ ಮಸುಕು, ಅಜ್ಜಿಯೂ ಮಸುಕು ಅಂದರೆ ಅಲುಗಿದ್ದು ನಿಮ್ಮ ಕೈ. ಬಣವೆ, ಮುಖ ಎರಡೂ ಸರಿ ಇದ್ದು ಮೊರ ಮಾತ್ರ ಮಸುಕಾಗಿದ್ದರೆ ಅಲುಗಿದ್ದು ಅಜ್ಜಿಯ ಕೈ. ಅದು ತಪ್ಪೇ ಅಲ್ಲ, ನನಗಂತೂ ಅಂಥ ಫೋಟೋ ಇಷ್ಟ.

ಕೈ ಅಲುಗದಿರಲು ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಳ್ಳಿ, ಕಂಬ ಇದ್ದರೆ ಒರಗಿ, ಉಸಿರು ಬಿಟ್ಟ ಮೇಲೆ ಒತ್ತಿ. ಕತ್ತಲಾದರೆ ಜಗಲಿ ಮೇಲೆ ಕ್ಯಾಮೆರಾ ಇಟ್ಟು 2 ಸೆಕೆಂಡಿನ ಟೈಮರ್ ಹಾಕಿ, ಆಗ ಬೆರಳಿನ ಅದುರೂ ತಾಗುವುದಿಲ್ಲ.

ಶಿರಾ ಸೀಮೆ

ಮೇಲಿನವರು ಹೇಳಿದ್ದು ಸರಿ. ನಾನು ಝೂಮ್ ಬಗ್ಗೆ ಹೇಳುತ್ತೇನೆ.

ನನ್ನದೂ ಇಂಥದ್ದೇ, 5 ಪಟ್ಟು ಝೂಮಿನದು. ನಮ್ಮ ಕಡೆ ಕಗ್ಗಲಡು ಗೊತ್ತಲ್ವಾ, ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಮೊದಲ ಸಲ ಹೋದಾಗ ಒಂದೇ ಹಕ್ಕಿಯನ್ನು ಚೌಕಟ್ಟು ತುಂಬಾ ತುಂಬಿಸಬೇಕು ಅಂತ ಝೂಮ್ ಒತ್ತುತ್ತಲೇ ಹೋದೆ. ಮನೆಗೆ ಬಂದು ನೋಡಿದರೆ ರೆಕ್ಕೆಯ ಗುಲಾಬಿ ಬಣ್ಣ ಎಲ್ಲ ಕಲಸಿ ಹಿಟ್ಟಾಗಿತ್ತು. 5 ಪಟ್ಟು ದಾಟಿದ ಮೇಲೆ ಲೆನ್ಸ್ ಏನೂ ಮಾಡುವುದಿಲ್ಲ, ಕ್ಯಾಮೆರಾ ಫೋಟೋದ ನಡುಭಾಗ ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೇ. ಅದು ಡಿಜಿಟಲ್ ಝೂಮ್. ಮೆನುವಿಗೆ ಹೋಗಿ ಅದನ್ನು ಆಫ್ ಮಾಡಿ, ಮತ್ತೆ ಆ ಕಡೆ ನೋಡಬೇಡಿ.

ಎರಡನೇ ಸಲ ಹೋದಾಗ ಹಕ್ಕಿಯ ಹಿಂದೆ ಬೀಳಲಿಲ್ಲ. ಇಡೀ ಮರ ತೆಗೆದೆ. ಮೇಲೆ ಕೊಕ್ಕರೆಗಳು, ಕೆಳಗೆ ಹಟ್ಟಿ, ಕಟ್ಟಿದ ಎಮ್ಮೆ, ನೀರು ಹಿಡಿಯುತ್ತಿರುವ ಹೆಂಗಸು. ಉದ್ದ ಲೆನ್ಸಿನವರು ತೆಗೆದ ಹಕ್ಕಿಯ ಕಣ್ಣು ನನ್ನ ಹತ್ತಿರ ಇಲ್ಲ. ಆದರೆ ಆ ಹಕ್ಕಿ ಯಾರ ಮನೆ ಮುಂದೆ ಇದೆ ಅನ್ನೋದು ನನ್ನ ಫೋಟೋದಲ್ಲಿದೆ.

ಇನ್ನೊಂದು ಮಾತು. ಆಕಾಶ ಹಿಂದೆ ಇದ್ದರೆ ಮರ, ಮನುಷ್ಯರು ಎಲ್ಲ ಕಪ್ಪಾಗುತ್ತಾರೆ. ಮೆನುವಿನಲ್ಲಿ ಒಂದು ಪ್ಲಸ್ ಮೈನಸ್ ಗುರುತು ಇರುತ್ತದೆ, ಅದನ್ನು +0.7 ಅಥವಾ +1ಕ್ಕೆ ಇಡಿ. ನಿಮ್ಮಜ್ಜಿ ಜಗಲಿಯಲ್ಲಿ ಕೂತಾಗ ಹಿಂದೆ ಬಿಸಿಲಿನ ಅಂಗಳ ಇದ್ದರೂ ಇದೇ ಉಪಾಯ. ಕೆಲಸ ಮುಗಿದ ಮೇಲೆ ಮರೆಯದೆ ಸೊನ್ನೆಗೆ ತನ್ನಿ.

ಪಿಕಳಾರ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಬೇಕಾಗಿರುವುದು ಸಂಜೆಯ ಕಣ. ಅಲ್ಲಿ ಈ ಕ್ಯಾಮೆರಾಕ್ಕೆ ನಿಜವಾದ ಮಿತಿ ಇದೆ, ಅದನ್ನು ಮುಚ್ಚಿಡಬಾರದು.

ಇಂಥ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಎತ್ತರ. ಒಂದು ತೊಗರಿಬೇಳೆ ಅಂದುಕೊಳ್ಳಿ. ಆ ಬೇಳೆಯಲ್ಲಿ ಒಂದು ಕೋಟಿ ಚುಕ್ಕಿ ತುಂಬಿಸಿದ್ದಾರೆ. ಬಿಸಿಲಿದ್ದಾಗ ಒಂದೊಂದು ಚುಕ್ಕಿಗೂ ಬೇಕಾದಷ್ಟು ಬೆಳಕು. ಸಂಜೆ ಆದ ಮೇಲೆ ಸಾಲುವುದಿಲ್ಲ, ಆಗ ಕ್ಯಾಮೆರಾ ಐಎಸ್ಒ, ಅಂದರೆ ಸಿಕ್ಕ ಬೆಳಕನ್ನು ಹಿಗ್ಗಿಸಿ ತೋರಿಸುವ ಅಳತೆ, ಏರಿಸುತ್ತದೆ, 800 ದಾಟಿದರೆ ಮುಖದ ಮೇಲೆ ಮರಳು ಎರಚಿದ ಹಾಗೆ ಕಾಣುತ್ತದೆ. ನೀವು ಹೇಳುವ ದೊಡ್ಡ ಕ್ಯಾಮೆರಾದ ಸೆನ್ಸರ್ ಸುಮಾರು 23 × 15 ಮಿಲಿಮೀಟರ್, ಅಂದರೆ ಇದರ ಹನ್ನೆರಡು ಪಟ್ಟು ಜಾಗ. ನನ್ನ ಕೈಯಲ್ಲಿ 15,000 ಇದ್ದು ನನ್ನಜ್ಜಿ ಇದ್ದಿದ್ದರೆ ನಾನು ತಗೊಳ್ಳುತ್ತಿದ್ದೆ.

ಆದರೆ ಒಂದು ತಿಳಿದಿರಲಿ. ದೊಡ್ಡದು ಅಂದರೆ ಜಾಸ್ತಿ ಝೂಮ್ ಅಂತ ಅಲ್ಲ. ಅದರ ಜೊತೆ ಬರುವ 18-55 ಮಿಲಿಮೀಟರ್ ಲೆನ್ಸ್ (55ನ್ನು 18ರಿಂದ ಭಾಗಿಸಿ) ಬರೀ 3 ಪಟ್ಟು, ನಿಮ್ಮ ಪುಟ್ಟದಕ್ಕಿಂತ ಕಡಿಮೆಯೇ. ಕೊಳ್ಳುವ ಮುಂಚೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು, ಬಿಟ್ಟು ಬನ್ನಿ.

ಮತ್ತೆ, ಪೂರ್ತಿ ಕತ್ತಲಲ್ಲಿ ದೀಪದ ಬೆಳಕಿಗೆ ಅಂದರೆ ನಿಮ್ಮ ಫೋನೇ ಚೆನ್ನಾಗಿ ತೆಗೆಯುತ್ತದೆ. ಈಗಿನ ಫೋನ್ ಒಂದು ಫೋಟೋಗೆ ಹಲವು ಚಿತ್ರ ತೆಗೆದು ಸೇರಿಸುತ್ತದೆ, ಹಳೇ ಕ್ಯಾಮೆರಾ ಆ ಕೆಲಸ ಮಾಡುವುದಿಲ್ಲ.

ಕ್ಯಾತ್ಸಂದ್ರದವನು

ಪಿಕಳಾರ ಹೇಳಿದ ಮಿತಿ ನಿಜ, ಒಪ್ಪುತ್ತೇನೆ. ಆದರೆ ಸಂಜೆ ಐದೂವರೆಗೆ ಆಗದ್ದು ನಾಲ್ಕೂವರೆಗೆ ಆಗುತ್ತದೆ ಅಲ್ವಾ? ಬೆಳಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕರಿಂದ ಐದು, ಇಷ್ಟು ಹೊತ್ತು ಈ ಕ್ಯಾಮೆರಾದ್ದು. ಐಎಸ್ಒ 100 ಅಥವಾ 200ಕ್ಕೆ ಕಟ್ಟಿಹಾಕಿ ತೆಗೆಯಿರಿ, ಆಟೋಗೆ ಬಿಡಬೇಡಿ. ಇಷ್ಟು ಪುಟ್ಟದ್ದನ್ನು ದಿನಾ ಬಸ್ಸಿನಲ್ಲಿ ಬ್ಯಾಗಿನ ಮುಂದಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಬಹುದು. ನನ್ನ ದೊಡ್ಡ ಕ್ಯಾಮೆರಾ ವರ್ಷಕ್ಕೆ ನಾಲ್ಕು ಸಲ ಬೀರುವಿನಿಂದ ಹೊರಗೆ ಬರುತ್ತದೆ.

ರಾಗಿಕಣ

ಎಲ್ಲರಿಗೂ ತುಂಬಾ ಧನ್ಯವಾದ. ಅಶೋಕ ರಸ್ತೆಯಲ್ಲಿ ಹುಡುಕಿ ಚಾರ್ಜ್ ಮಾಡುವ ಸೆಲ್ ನಾಲ್ಕು ತಂದೆ. ಭಾನುವಾರ ಪೂರ್ತಿ ತೆಗೆದರೂ ಇನ್ನೂ ಖಾಲಿ ಆಗಿಲ್ಲ! ಅರ್ಧ ಒತ್ತುವುದು ಗೊತ್ತೇ ಇರಲಿಲ್ಲ, ಇಷ್ಟು ದಿನ ಒಂದೇ ಸಲ ಗುದ್ದುತ್ತಿದ್ದೆ.

ಈಗ ಹೊಸ ತೊಂದರೆ. ಹನ್ನೆರಡು ಫೋಟೋ ಪ್ರಿಂಟ್ ಹಾಕಿಸಿದೆ, 6 × 4 ಇಂಚು. ಐದರಲ್ಲಿ ಅಜ್ಜಿಯ ತಲೆ ಮೇಲೆ ಕತ್ತರಿಸಿಹೋಗಿದೆ. ಕ್ಯಾಮೆರಾದಲ್ಲಿ ನೋಡಿದರೆ ತಲೆ ಪೂರ್ತಿ ಇದೆ. ಅಂಗಡಿಯಲ್ಲಿ ಕೇಳಿದರೆ ನೀವು ತೆಗೆದದ್ದೇ ಹಾಗೆ ಅಂತಾರೆ. ಮತ್ತೆ ಎಲ್ಲ ಫೋಟೋದ ಮೂಲೆಯಲ್ಲೂ 2011ನೇ ಇಸವಿ ಜನವರಿ 1 ಅಂತ ಕೆಂಪಗೆ ಬಿದ್ದಿದೆ.

ಲ್ಯಾಬ್ ಬೆಳಕು

ಹದಿನೈದು ವರ್ಷ ಫೋಟೋ ಪ್ರಿಂಟ್ ಹಾಕುವ ಕೆಲಸ ಮಾಡಿದ್ದೇನೆ, ಇದಕ್ಕೆ ನಾನು ಉತ್ತರ ಕೊಡಲೇಬೇಕು. ತಪ್ಪು ನಿಮ್ಮದಲ್ಲ.

ನಿಮ್ಮ ಕ್ಯಾಮೆರಾದ ಫೋಟೋ 3648 × 2736 ಚುಕ್ಕಿ. ಅಗಲ ನಾಲ್ಕು ಪಾಲು ಅಂದರೆ ಎತ್ತರ ಮೂರು ಪಾಲು. ಪ್ರಿಂಟ್ ಕಾಗದ 6 × 4, ಅಂದರೆ ಮೂರಕ್ಕೆ ಎರಡು. ಆಕಾರವೇ ಬೇರೆ. ಕಾಗದ ತುಂಬಬೇಕು ಅಂದರೆ ಮೆಷಿನ್ ಮೇಲೆ ಕೆಳಗೆ ಸೇರಿ ನೂರಕ್ಕೆ 11 ಭಾಗ ಕತ್ತರಿಸುತ್ತದೆ. ನೀವು ಅಜ್ಜಿಯ ನೆತ್ತಿಯನ್ನು ಚೌಕಟ್ಟಿನ ಅಂಚಿಗೆ ತಾಗಿಸಿ ತೆಗೆದಿರುತ್ತೀರಿ, ಆ ನೆತ್ತಿಯೇ ಹೋಗುತ್ತದೆ. ಪ್ರಿಂಟ್ ಹಾಕುವವರು ಒಂದೊಂದನ್ನೇ ನೋಡಿ ಚೌಕಟ್ಟು ಮೇಲಕ್ಕೆ ಕೆಳಕ್ಕೆ ಸರಿಸಬೇಕು. ಗಡಿಬಿಡಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಹೀಗಾಗುತ್ತದೆ.

ಮೂರು ದಾರಿ ಇವೆ. ತೆಗೆಯುವಾಗಲೇ ತಲೆಯ ಮೇಲೆ, ಕಾಲ ಕೆಳಗೆ ಒಂದು ಬೆರಳು ಜಾಗ ಬಿಡಿ, ಇದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲ, ಪಕ್ಕದಲ್ಲಿ ಬಿಳಿ ಅಂಚು ಬಂದರೂ ಪರವಾಗಿಲ್ಲ, ಪೂರ್ತಿ ಫೋಟೋ ಕೂರಿಸಿ ಅಂತ ಅಂಗಡಿಯಲ್ಲಿ ಹೇಳಿ. ಕೆಲವು ಕ್ಯಾಮೆರಾದ ಮೆನುವಿನಲ್ಲಿ 3:2 ಅಂತಲೇ ಇರುತ್ತದೆ, ಇದ್ದರೆ ಅದಕ್ಕೆ ಇಟ್ಟುಬಿಡಿ.

ಆಟದ ಸಾಮಾನು ಅಂದವರಿಗೆ ಈ ಲೆಕ್ಕ ಹೇಳಿ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 6 × 4 ಪ್ರಿಂಟಿಗೆ 1800 × 1200 ಚುಕ್ಕಿ ಸಾಕು, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಗೋಡೆಗೆ ಹಾಕುವ 12 × 8ಕ್ಕೆ 3600 × 2400, ಎಂಟೂವರೆ ಚಿಲ್ಲರೆ. ನಿಮ್ಮ ಹತ್ತಿರ ಹತ್ತು ಇದೆ. ಆದರೆ ಪ್ರಿಂಟಿಗೆ ಕಾರ್ಡನ್ನೇ ತೆಗೆದುಕೊಂಡು ಹೋಗಿ, ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಅಲ್ಲಿ ಫೋಟೋ ಕುಗ್ಗಿಹೋಗುತ್ತದೆ, ಎಷ್ಟು ಒಳ್ಳೆಯ ಕಾಗದ ಹಾಕಿದರೂ ವಾಪಸ್ ಬರುವುದಿಲ್ಲ.

ತಾರೀಖು: ಸೆಲ್ ತೆಗೆದು ಬಹಳ ದಿನ ಬಿಟ್ಟಾಗ ಕ್ಯಾಮೆರಾದೊಳಗಿನ ಗಡಿಯಾರ ಮೊದಲಿಗೆ ಹೋಗಿರುತ್ತದೆ. ಸರಿ ಮಾಡಿಕೊಳ್ಳಿ, ಫೋಟೋ ಮೇಲೆ ತಾರೀಖು ಬೀಳುವುದನ್ನು ಮಾತ್ರ ಆಫ್ ಮಾಡಿ. ಬಿದ್ದದ್ದು ಫೋಟೋದ ಭಾಗವೇ ಆಗಿಬಿಡುತ್ತದೆ, ಆಮೇಲೆ ಅಳಿಸಲು ಕಷ್ಟ. ತೆಗೆದ ದಿನ, ಹೊತ್ತು ಹೇಗೂ ಫೈಲಿನೊಳಗೆ ಬರೆದಿರುತ್ತದೆ. ಗಡಿಯಾರ ಸರಿ ಇದ್ದರೆ ಹತ್ತು ವರ್ಷದ ಮೇಲೂ ಇದು ಯಾವ ವರ್ಷದ ಕಣ ಅಂತ ಹೇಳಬಹುದು.

ಮಧುಗಿರಿ ಬೆಟ್ಟ

ಒಂದೆರಡು ಮಾತು. ರಾಗಿ ತೂರುವಾಗ ಗಾಳಿ ಬರುವ ಕಡೆ ನಿಂತು ತೆಗೆಯಿರಿ, ಹೊಟ್ಟು ಹಾರುವ ಕಡೆ ನಿಲ್ಲಬೇಡಿ. ಲೆನ್ಸ್ ಹೊರಗೆ ಚಾಚಿದಾಗ ಕೊಳವೆಗಳ ಸಂದಿಯಲ್ಲಿ ಧೂಳು ಕೂತರೆ ಆಮೇಲೆ ಲೆನ್ಸ್ ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ನನ್ನ ಕ್ಯಾಮೆರಾ ಹಾಗೇ ಹೋಯಿತು, ರಿಪೇರಿಗೆ ಹೇಳಿದ ದುಡ್ಡು ಕ್ಯಾಮೆರಾದ ಬೆಲೆಗಿಂತ ಜಾಸ್ತಿ. ತೆಗೆದಾದ ತಕ್ಷಣ ಆಫ್ ಮಾಡಿ ಲೆನ್ಸ್ ಮುಚ್ಚಿಕೊಳ್ಳಲಿ. ಹಗ್ಗ ಮಣಿಕಟ್ಟಿಗೆ ಹಾಕಿಕೊಳ್ಳದೆ ಕೈಗೆತ್ತಿಕೊಳ್ಳಬೇಡಿ. ಕಾರ್ಡ್ ಹೊಸದು ತಗೊಳ್ಳುವುದಾದರೆ 32 ಜಿಬಿ ಒಳಗಿನದು ತಗೊಳ್ಳಿ, ಅದಕ್ಕಿಂತ ದೊಡ್ಡದನ್ನು ಹಳೇ ಕ್ಯಾಮೆರಾಗಳು ಓದದೆ ಇರಬಹುದು.

ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಇದೆಯಲ್ಲ, ಬೆಳಗ್ಗೆ ಏಳಕ್ಕೇ ಹೋಗಿ. ಹುಲ್ಲಿನ ಹೊಗೆ, ಎಳೆ ಬಿಸಿಲು, ಹಳ್ಳಿಕಾರ್ ಎತ್ತಿನ ಬೂದು ಮೈ ಮೇಲೆ ಬೀಳುವ ಬೆಳಕು, ಇವೆಲ್ಲ ಆ ಹೊತ್ತಿಗೆ ಮಾತ್ರ. ದೊಡ್ಡ ಕ್ಯಾಮೆರಾ ಎತ್ತಿದರೆ ಜನ ಎದ್ದು ಎತ್ತಿನ ಪಕ್ಕ ನಿಂತು ಫೋಸ್ ಕೊಡುತ್ತಾರೆ. ನಿಮ್ಮ ಪುಟ್ಟದನ್ನು ಕಂಡರೆ ಹಲ್ಲುಜ್ಜುವವರು ಉಜ್ಜುತ್ತಲೇ ಇರುತ್ತಾರೆ, ಕೊಂಬಿಗೆ ಎಣ್ಣೆ ಹಚ್ಚುವವರು ಹಚ್ಚುತ್ತಲೇ ಇರುತ್ತಾರೆ. ಒಂದು ಮಾತು ಕೇಳಿಯೇ ತೆಗೆಯಿರಿ, ಯಾರೂ ಬೇಡ ಅನ್ನುವುದಿಲ್ಲ.

ರಾಗಿಕಣ

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಚೀಟಿ ದುಡ್ಡು ಬ್ಯಾಂಕಿಗೆ ಹಾಕಿದೆ. ಪಿಕಳಾರ ಅವರೇ, ನೀವು ಹೇಳಿದ್ದು ಮನಸ್ಸಿನಲ್ಲಿದೆ, ಮುಂದಿನ ಸುಗ್ಗಿ ಹೊತ್ತಿಗೆ ನೋಡುತ್ತೇನೆ. ಸದ್ಯಕ್ಕೆ ನಾನು ಎದ್ದೇಳುವ ಹೊತ್ತನ್ನು ಬದಲಾಯಿಸಿಕೊಂಡಿದ್ದೇನೆ.

ಹೋದ ಭಾನುವಾರ ಬೆಳಗ್ಗೆ ಅಜ್ಜಿ ಜಗಲಿ ಮೇಲೆ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಎಂಟು ಗಂಟೆ ಇರಬಹುದು, ಬಿಸಿಲು ಪಕ್ಕದಿಂದ ಬರುತ್ತಿತ್ತು. ತೀರಾ ಹತ್ತಿರದ್ದನ್ನು ತೆಗೆಯಲು ಇರುವ ಹೂವಿನ ಗುರುತಿನ ಬಟನ್ ಒತ್ತಿ, ಝೂಮ್ ಮಾಡದೆ, ಕೈ ಹತ್ತಿರಕ್ಕೆ ಹೋದೆ. ಬರೀ ಕೈ ತೆಗೆದೆ. ಐಎಸ್ಒ 100, ಮೊಣಕೈ ಮಂಡಿ ಮೇಲೆ ಊರಿಕೊಂಡಿದ್ದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಹೆಬ್ಬೆರಳಿನ ಉಗುರಿನ ಸೀಳು ಕಾಣುತ್ತದೆ, ಬೆರಳ ಸಂದಿಯಲ್ಲಿ ಹುಣಸೆ ನಾರು ಅಂಟಿಕೊಂಡಿದೆ, ಕಪ್ಪು ಬೀಜವೊಂದು ಆಗಷ್ಟೇ ಜಾರಿ ಮಿರಮಿರ ಅಂತಿದೆ. ಆ ಉಗುರು ಹಾಗೆ ಸೀಳಿರುವುದು ಇಷ್ಟು ವರ್ಷ ಒಟ್ಟಿಗೆ ಇದ್ದರೂ ನನಗೆ ಗೊತ್ತಿರಲಿಲ್ಲ. ಕೇಳಿದರೆ ನಾನು ಹುಟ್ಟುವ ಮೊದಲೇ ಒಮ್ಮೆ ಒನಕೆ ಬಿದ್ದು ಆಗಿದ್ದಂತೆ.

ಪ್ರಿಂಟ್ ಹಾಕಿಸಿ ಕೊಟ್ಟೆ, ಈ ಸಲ ಬಿಳಿ ಅಂಚು ಬಿಡಿಸಿ. ಅಜ್ಜಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನನ್ನ ಕೈಯಾ ಇದು" ಅಂದಳು. ಆಮೇಲೆ ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿ ಟ್ರಂಕಿಗೆ ಹಾಕಿದಳು.

ಜಾತ್ರೆಗೆ ಬೆಳಗ್ಗೆ ಆರರ ಬಸ್ಸಿಗೆ ಹೋಗುತ್ತಿದ್ದೇನೆ, ಅಕ್ಕನ ಮಗಳನ್ನೂ ಕರೆದುಕೊಂಡು. ಎರಡು ಜೊತೆ ಸೆಲ್ಲೂ ಈಗ ಚಾರ್ಜಿಗೆ ಇಟ್ಟಿದ್ದೇನೆ.